ಆರು ಹತ್ತರ ಕರೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ತರೀಕೆರೆಯಲ್ಲಿ ಬೇಕಾದಷ್ಟು ಜನ ಸಿಕ್ಕಾರು. ಆದರೆ ವಜೀರ್ ಸಾಬನ ಮೊಲಕ್ಕೆ ಎರಡೇ ಕಾಲು. ನಲವತ್ತು ವರ್ಷ ಪೇಟೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡಿದವನು. ಹವ್ಯಾಸಿ ರೇಡಿಯೋದವರ ಹ್ಯಾಮ್ ಲೈಸೆನ್ಸ್ ಪಡೆದು, ಮನೆಯಲ್ಲೇ ಕೂತು ಚುಕ್ಕಿ-ಗೆರೆಗಳ ಮೋರ್ಸ್ ಕೀಲಿ ಕುಟ್ಟುತ್ತ ಕಂಡರಿಯದ ದೇಶದವರ ಜೊತೆ ಮಾತಾಡುವವನು. ಹಿತ್ತಲಲ್ಲಿ ಕೇಬಲ್ ಟಿ.ವಿ. ಕಾಲದ ಅರವತ್ತಡಿ ಕಬ್ಬಿಣದ ಟವರ್ ಬೇರೆ. ಇಂಥವನಿಗೆ ಪಾಠ ಹೇಳುವ ಧೈರ್ಯ ಯಾರಿಗಿತ್ತು?

ಬೆನಕಪ್ಪನಿಗೆ ಇತ್ತು. ಅಜ್ಜಂಪುರದ ನಿವೃತ್ತ ಸ್ಕೂಲ್ ಮೇಷ್ಟ್ರು, ಅವನೂ ಹ್ಯಾಮ್, ಸಾಬನ ಮೂವತ್ತು ವರ್ಷದ ಗೆಳೆಯ. ಮೂರು ವರ್ಷದ ಹಿಂದೆ ಕಡೂರಿನ ಹೋಟೆಲ್ಲೊಂದರಲ್ಲಿ ಸುತ್ತಲಿನ ನಾಲ್ಕಾರು ಹ್ಯಾಮ್‌ಗಳು ಸೇರಿದ್ದಾಗ ಮಾತು ತೆಗೆದ.

"ಲೇ ವಜೀರ, ನಿನ್ನ ಟವರ್ ಸುಮ್ನೆ ನಿಂತೈತೆ. ಪಕ್ಕದಲ್ಲಿ ಒಂದು ತಂತಿ ಇಳಿಬಿಡು, ಟವರೇ ಆಂಟೆನಾ ಆಯ್ತದೆ. ಎಂಬತ್ತು ಮೀಟರ್ ಬ್ಯಾಂಡಲ್ಲಿ ಗುಡುಗ್ತೀಯ ನೋಡು."

"ಬುಡ ಭೂಮೀಲಿ ಹೂತಿರೋ ಟವರ್ ಕಣೋ ಅದು. ಕೊಟ್ಟ ಪವರೆಲ್ಲ ಮಣ್ಣಿಗೆ ಹೋಯ್ತದೆ. ನಾಳೆ ಎಮ್ಮೆ ಕಟ್ಟೋ ಗೂಟಾನೂ ಆಂಟೆನಾ ಅಂತೀಯೇನೋ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೆನಕಪ್ಪ ಸಿಟ್ಟಾಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಹಳೇ ಮದುವೆ ಕಾಗದದ ಬೆನ್ನಿಗೆ ಚಿತ್ರ ಬರೆದು, ಹತ್ತು ನಿಮಿಷ ಲೆಕ್ಕ ಬಿಡಿಸಿ ತೋರಿಸಿದ. "ಮೇಷ್ಟ್ರು ಹೇಳೋದೇ ಸರಿ ಕಣ್ರೀ ಸಾಬ್ರೇ" ಎಂದರು ಕೂತವರು. ಮತ್ತೆ ನಗು. ಈ ಸಲ ನಗು ಸಾಬನ ಮೇಲೆ. ಅರ್ಧ ಕುಡಿದ ಕಾಫಿ ಬಿಟ್ಟು ಎದ್ದು ಬಂದವನು, ಆಮೇಲೆ ಬೆನಕಪ್ಪನ ಫೋನನ್ನೂ ಎತ್ತಲಿಲ್ಲ.

ಮಾರನೇ ತಿಂಗಳಿಂದ ಬೆನಕಪ್ಪ ರೇಡಿಯೋದಲ್ಲೇ ಕರೆಯತೊಡಗಿದ. ತೆಂಗಿನ ಮರಕ್ಕೆ ತಂತಿ ಎಳೆದು, ದಿನಾ ಸಂಜೆ ಆರು ಹತ್ತಕ್ಕೆ ಸರಿಯಾಗಿ ಸಾಬನ ಲೈಸೆನ್ಸಿನ ಗುರುತಾದ ಕಾಲ್ ಸೈನ್ ಮೂರು ಸಲ ಬಡಿಯುವುದು, ಎರಡು ನಿಮಿಷ ಕಾಯುವುದು, ಮತ್ತೆ ಮೂರು ಸಲ. ಬಟ್ಟೆ ಒಣಹಾಕುವ ತಂತಿಗೇ ರಿಸೀವರ್ ಸಿಕ್ಕಿಸಿ ಸಾಬ್ ಅದನ್ನು ಕೇಳುತ್ತಿದ್ದ. ದಿನಾ ಕೇಳುತ್ತಿದ್ದ! ಒಂದೊಂದು ಚುಕ್ಕಿಯೂ, ಒಂದೊಂದು ಗೆರೆಯೂ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. ಕೈ ಕೀಲಿಯ ಮೇಲೇ ಇರುತ್ತಿತ್ತು, ಒತ್ತುತ್ತಿರಲಿಲ್ಲ.

"ಅಷ್ಟೊಂದು ಕರೀತಾರಲ್ಲ, ಒಂದು ಸಲ 'ಹೂಂ' ಅಂದ್ರೆ ನಿಮ್ಮ ಗಂಟೇನು ಹೋಗ್ತದೆ?" ಎಂದು ಹೆಂಡತಿ ಖುರ್ಷಿದ್ ಬೇಗಂ ಬೈದದ್ದೂ ಆಯಿತು.

"ಅವನೇ ಬಂದು ತಪ್ಪಾಯ್ತು ಅನ್ನಲಿ" ಎಂದ ಸಾಬ್. ಯಾವ ತಪ್ಪು? ಸರಿ ಹೇಳಿದ್ದೇ ತಪ್ಪು!

ಹೀಗೇ ಒಂದು ವರ್ಷ ಕಳೆದಿತ್ತು. ಬೀರೂರಿನ ಮದುವೆಯೊಂದರಲ್ಲಿ ಇಬ್ಬರೂ ಎದುರುಬದುರಾದರು. ಬೆನಕಪ್ಪನೇ ಬಂದು ಕೈ ಹಿಡಿದ. "ದಿನಾ ಕರೀತೀನಿ ಕಣೋ. ಕೇಳಿಸ್ತದೇನೋ?"

ಸಾಬ್ ಬೇರೆ ಕಡೆ ನೋಡುತ್ತ, "ಏನೂ ಕೇಳ್ಸಲ್ಲ. ಪಕ್ಕದಲ್ಲಿ ಹಿಟ್ಟಿನ ಗಿರಣಿ, ಅದರ ಮೋಟಾರಿನ ಗಲಾಟೆ" ಎಂದ. ಗಿರಣಿ ಐದೂವರೆಗೇ ಬಾಗಿಲು ಹಾಕುತ್ತದೆ. ಅದು ಬೆನಕಪ್ಪನಿಗೆ ಹೇಗೆ ಗೊತ್ತಾಗಬೇಕು? ಅವನ ಮುಖ ಅರಳಿತು. "ಅಂಗಾದ್ರೆ ಸರಿ ಬಿಡು. ನಾನೇ ಏನೇನೋ ಅನ್ಕೊಂಡ್ಬಿಟ್ಟಿದ್ದೆ."

ಹೋದ ಕಾರ್ತಿಕದಲ್ಲಿ ಬೆನಕಪ್ಪ ಲಿಂಗೈಕ್ಯನಾದ. ಸಾಬ್ ಹೋಗಿ ಹಿಡಿ ಮಣ್ಣು ಹಾಕಿ ಬಂದ. ಅಂದು ಸಂಜೆ ಆರು ಹತ್ತಕ್ಕೆ ರಿಸೀವರ್ ಮುಂದೆ ಕೂತ. ಬರೀ ಗೊರಗೊರ ಸದ್ದು.

ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬೆನಕಪ್ಪನ ಮಗಳು ಕೋಮಲಾ ಬಂದಳು. ಕರೆಂಟ್ ಆಫೀಸಿನ ಕೆಲಸದವಳು, ದಿನಾ ಕಂಬ ಹತ್ತುವವಳು. ಅಪ್ಪ ಹಾಸಿಗೆ ಹಿಡಿದಾಗ ಅವನ ಪಕ್ಕ ಕೂತು ಮೋರ್ಸ್ ಕಲಿತು ಲೈಸೆನ್ಸನ್ನೂ ತೆಗೆದುಕೊಂಡಿದ್ದಳು. ಸ್ಕೂಟರಿನಿಂದ ಒಂದು ಗೋಣಿಚೀಲ ಇಳಿಸಿದಳು.

"ಅಪ್ಪ ನಿಮಗಂತಲೇ ಮಾಡಿಟ್ಟಿದ್ರು ಮಾವ. 'ವಜೀರಂಗೆ ಕೇಳಿಸ್ತಿಲ್ಲ, ಇದು ಕಟ್ಟಿದ್ರೆ ಗಿರಣಿ ಗಲಾಟೆ ಮೀರಿ ಕೇಳಿಸ್ತದೆ. ನಾನಿಲ್ದೆ ಇದ್ರೂ ನೀನು ಕಟ್ಟಿಕೊಡು' ಅಂದಿದ್ರು."

ಚೀಲದಲ್ಲಿ ಅಳತೆಗೆ ಕತ್ತರಿಸಿದ ತಾಮ್ರದ ತಂತಿ, ಅದು ಟವರಿಗೆ ತಾಗದಂತೆ ಒಂದೂವರೆ ಅಡಿ ದೂರ ಹಿಡಿಯಲು ಪೈಪಿನ ತೋಳುಗಳು, ಹಳೇ ವಾಲ್ವ್ ರೇಡಿಯೋದಲ್ಲಿ ಸ್ಟೇಷನ್ ಹೊಂದಿಸುವ ಟ್ಯೂನಿಂಗ್ ಕಂಡೆನ್ಸರ್ ಕೂರಿಸಿದ ಊಟದ ಡಬ್ಬಿ. ಜೊತೆಗೆ ಬೆನಕಪ್ಪನ ಲಾಗ್ ಪುಸ್ತಕ. ಯಾರನ್ನು ಯಾವಾಗ ಕರೆದೆ, ಯಾರು ಉತ್ತರಿಸಿದರು ಎಂದು ಹ್ಯಾಮ್‌ಗಳು ಬರೆದಿಡುವ ಪುಸ್ತಕ. "ಕಟ್ಟೋ ಚಿತ್ರ ಕಡೇ ಹಾಳೇಲಿದೆ" ಎಂದವಳೇ ಕೋಮಲಾ ಬೆಲ್ಟ್ ಬಿಗಿದು ಟವರ್ ಹತ್ತಿದಳು.

ಸಾಬ್ ಕೆಳಗೆ ನಿಂತು ಪುಸ್ತಕ ತೆರೆದ. ಮುತ್ತಿನಂಥ ಮೇಷ್ಟ್ರ ಅಕ್ಷರ. ಆರು ಹತ್ತು, ವಜೀರ್, ಉತ್ತರ ಇಲ್ಲ. ಆರು ಹತ್ತು, ವಜೀರ್, ಉತ್ತರ ಇಲ್ಲ. ಪುಟದ ಮೇಲೆ ಪುಟ ಅದೇ. ಮದುವೆಯ ಮಾರನೇ ದಿನದಿಂದ ಮಾತ್ರ ಪಕ್ಕದಲ್ಲಿ ಇನ್ನೆರಡು ಪದ: ಗಿರಣಿ ಸದ್ದು. ಒಂದು ಕಡೆ, 'ಪಾಪ, ಅವನೂ ಕಿವಿಗೊಟ್ಟು ಕೂತಿರುತ್ತಾನೆ.'

"ಮಾವ, ತಂತೀನ ನಲವತ್ತಡಿಗೆ ಬಿಗೀಲಾ?" ಮೇಲಿಂದ ಕೋಮಲಾ ಕೂಗಿದಳು.

ಸಾಬ್ ಪುಸ್ತಕದಿಂದ ತಲೆಯೆತ್ತಿದ. ಕೈ ಎತ್ತಿ ಹೂಂ ಎಂದು ತೋರಿಸಿದ.

ಮಧ್ಯಾಹ್ನದವರೆಗೂ ಟವರಿನ ಬುಡದಿಂದ ಎಂಟೂ ದಿಕ್ಕಿಗೆ ಗೇಣಾಳ ಅಗೆದು, ಪವರ್ ಮಣ್ಣುಪಾಲಾಗದಂತೆ ತಂತಿ ಹೂತರು. ಡಬ್ಬಿಯ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿದ್ದೇ ತಡ, ಮೀಟರಿನ ಮುಳ್ಳು ಬಂದು ಸರಿಯಾದ ಜಾಗದಲ್ಲಿ ನಿಂತಿತು. ಬೆನಕಪ್ಪನ ಲೆಕ್ಕ ಒಂದಿಂಚೂ ತಪ್ಪಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು ಸಾಬನ ಪಾಡು.

"ಮನೆಗೋಗಿ ಆರು ಹತ್ತಕ್ಕೆ ನಾನೇ ಕರೀತೀನಿ ಮಾವ. ಈ ಸಲ ಉತ್ತರ ಕೊಡ್ಬೇಕು" ಎಂದು ನಗುತ್ತಾ ಸ್ಕೂಟರ್ ಹತ್ತಿದಳು.

ಖುರ್ಷಿದ್ ಗೇಟಿನವರೆಗೂ ಹೋಗಿ ಕಳಿಸಿ ಬಂದವಳು ಗಂಡನ ಮುಂದೆ ನಿಂತಳು. "ಆ ಹುಡುಗೀಗಾದ್ರೂ ನಿಜ ಹೇಳಿ."

"ಹೇಳಿದ್ರೆ ಅವಳ ಮುಂದೆ ನಾನು ಏನಾಗ್ತೀನಿ?"

"ಹೇಳ್ದೆ ಇದ್ರೆ ಏನಾಗಿರ್ತೀರಿ?"

ಆರು ಹತ್ತು. ಕರೆ ಬಂತು. ಅಯ್ಯೋ, ಅದೇ ಕೈ! ಕೊನೇ ಗೆರೆಯನ್ನು ಸ್ವಲ್ಪ ಎಳೆಯುವ ಬೆನಕಪ್ಪನ ಅಭ್ಯಾಸ ಮಗಳಿಗೂ ಬಂದಿತ್ತು. ಸಾಬನ ಬೆರಳು ಮೂರು ವರ್ಷದಲ್ಲಿ ಮೊದಲ ಸಲ ಆ ಕರೆಗೆ ಕೀಲಿ ಒತ್ತಿತು: ಕೇಳಿಸುತ್ತಿದೆ.

ಕೋಮಲಾ ಕುಟ್ಟಿದಳು: ಅಪ್ಪ ಹೇಳಿದ್ದು ನಿಜ. ಟವರಿಗೆ ತಂತಿ ಕಟ್ಟದ್ದಕ್ಕೇ ನಿಮಗೆ ಕೇಳಿಸುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಹೌದಮ್ಮ ಎಂದು ಮೂರಕ್ಷರ ಕುಟ್ಟಿದ್ದರೆ ಬೆನಕಪ್ಪನ ನಂಬಿಕೆಯೂ ಉಳಿಯುತ್ತಿತ್ತು, ಸಾಬನ ಮಾನವೂ. ಬಾಯಲ್ಲಾದರೆ ಹಾಗೇ ಅಂದುಬಿಡುತ್ತಿದ್ದನೋ ಏನೋ. ಮಡಿಲಲ್ಲಿ ಲಾಗ್ ಪುಸ್ತಕ ತೆರೆದೇ ಇತ್ತು.

ನಿಧಾನವಾಗಿ ಕುಟ್ಟಿದ: ಮೊದಲೂ ಕೇಳಿಸುತ್ತಿತ್ತು. ದಿನಾ. ಗಿರಣಿ ಮಾತು ಸುಳ್ಳು. ತಪ್ಪು ನನ್ನದು.

ಕಾದ. ಎರಡು ನಿಮಿಷ. ಐದು ನಿಮಿಷ. ಅವಳ ಕಾಲ್ ಸೈನ್ ಮೂರು ಸಲ ಬಡಿದ. ಮತ್ತೆ ಮೂರು ಸಲ. ಟವರಿನಲ್ಲಿ ಏನೂ ದೋಷವಿರಲಿಲ್ಲ, ದೂರದ ಯಾರ್ಯಾರದೋ ಮಾತು ಗುಡುಗುಡು ಬರುತ್ತಿತ್ತು.

ಖುರ್ಷಿದ್ ಚಹಾ ತಂದಿಟ್ಟು ಪಕ್ಕದಲ್ಲಿ ಕೂತಳು. ವಜೀರ್ ಸಾಬ್ ಕನ್ನಡಕ ಒರೆಸಿಕೊಂಡು, ಬೆನಕಪ್ಪನ ಪುಸ್ತಕದಲ್ಲೇ, ಅವನು ಬಿಟ್ಟಿದ್ದ ಸಾಲಿನ ಕೆಳಗೆ ಬರೆದ: ಆರು ಇಪ್ಪತ್ತೆರಡು. ಕೋಮಲಾ. ಉತ್ತರ ಇಲ್ಲ.