ಹೊರದಾರಿಯಿಲ್ಲದ ವೃತ್ತ

ಮಾತ್ರೆ ತಯಾರಿಸುವ ಕಾರ್ಖಾನೆಯ ಒಳಕೋಣೆಗೆ ಎರಡು ಗಾಜಿನ ಬಾಗಿಲು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಇಲ್ಲದಿದ್ದರೆ ಹೊರಗಿನ ಧೂಳು ಒಳಗೆ ನುಗ್ಗುತ್ತದೆ. ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಆ ಬಾಗಿಲುಗಳನ್ನು ಕೂರಿಸಿದ ಮೆಕ್ಯಾನಿಕ್‌ನ ಹೆಂಡತಿ, ಆ ಸಂಜೆ ಒಳಕೋಣೆಯಲ್ಲಿ ತನ್ನ ಪಾಳಿ ಮುಗಿಸಿ ಹೊರಟವಳು, ಅಲ್ಲೇ ಸಿಕ್ಕಿಬಿದ್ದಳು. ಮರುದಿನ ಬೆಳಿಗ್ಗೆ ಅವಳ ತಾಯಿಗೆ ಹೃದಯದ ಆಪರೇಷನ್. ಆಸ್ಪತ್ರೆಯಲ್ಲಿ ಸಂಜೆ ಆರರ ನಂತರ ಯಾರನ್ನೂ ಒಳಗೆ ಬಿಡುವುದಿಲ್ಲ. ಆಗಲೇ ಐದು ದಾಟಿತ್ತು.

"ಗುಂಡಿ ಒತ್ತು," ಎಂದ ಗಂಡ, ಹೊರಗಿನಿಂದ ಗಾಜಿಗೆ ಬಾಯಿಟ್ಟು.

"ಒತ್ತಿ ಒತ್ತಿ ಬೆರಳು ಸವೀತು. ಕೆಂಪು ದೀಪ ಹೋಗ್ತಾನೇ ಇಲ್ಲ."

"ಎರಡೂ ಬಾಗಿಲಿನ ಗುಂಡಿ ಒಟ್ಟಿಗೆ ಒತ್ತಿದ್ಯಾ?"

"ಅವಸರ ಇತ್ತು ಕಣ್ರೀ. ದೇವರು ಕೈ ಎರಡು ಕೊಟ್ಟಿದ್ದಾನೆ, ಒತ್ತಿದೆ."

ಅವನು ಸಾಮಾನಿನ ಪೆಟ್ಟಿಗೆಯ ಮೇಲೆ ಕುಕ್ಕರಿಸಿ, ತಾನೇ ಬರೆದು ಗೋಡೆಗೆ ಅಂಟಿಸಿದ್ದ ನಕ್ಷೆ ನೋಡಿದ. ಬಾಗಿಲುಗಳ ಒಂದೊಂದು ಸ್ಥಿತಿಗೆ ಒಂದೊಂದು ವೃತ್ತ, ಒಂದೊಂದು ಗುಂಡಿಗೆ ಒಂದೊಂದು ಬಾಣ. ಬಾಗಿಲುಗಳನ್ನು ನಡೆಸುವ ಯಂತ್ರಕ್ಕೆ ಹಿಂದಿನದು ಏನೂ ನೆನಪಿರುವುದಿಲ್ಲ. ಈಗ ಯಾವ ವೃತ್ತದಲ್ಲಿದ್ದೇನೆ ಎಂಬುದಷ್ಟೇ ಗೊತ್ತು. ಎರಡು ಗುಂಡಿ ಒಟ್ಟಿಗೆ ಒತ್ತಿದರೆ 'ದೋಷ' ಎಂಬ ವೃತ್ತ. ಅಲ್ಲಿಂದ ಹೊರಟ ಬಾಣಗಳೆಲ್ಲ ಸುತ್ತಿಕೊಂಡು ಅಲ್ಲಿಗೇ ಬರುತ್ತಿದ್ದವು. ಆ ವೃತ್ತದೊಳಗೆ ಹೋಗುವುದನ್ನು ಜಾಗ್ರತೆಯಿಂದ ಬರೆದವನು ಹೊರಬರುವುದನ್ನು ಮರೆತಿದ್ದ. ಪರೀಕ್ಷಿಸುವಾಗಲೂ ಸಿಕ್ಕಿರಲಿಲ್ಲ, ಆಗೆಲ್ಲ ಅವನ ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಇರುತ್ತಿತ್ತು.

"ಕರೆಂಟ್ ತೆಗೆದ್ರೆ?" ಅವಳು ಕೇಳಿದಳು.

"ಯಂತ್ರ ಮೊದಲನೇ ವೃತ್ತಕ್ಕೆ ಬರುತ್ತೆ. ಆದ್ರೆ ಎರಡೂ ಬಾಗಿಲು ತೆರ್ಕೊಳ್ತವೆ."

ಹಿಂದೆ ನಿಂತಿದ್ದ ಮೇಲ್ವಿಚಾರಕ ತಲೆ ಚಚ್ಚಿಕೊಂಡ. "ಒಳಗೆ ತಟ್ಟೆಗಳೆಲ್ಲ ತೆರೆದಿವೆ ಮಾರಾಯ. ಇಡೀ ದಿನದ ಮಾತ್ರೆ ಕಸಕ್ಕೆ! ಯಂತ್ರದ ಕಂಪನಿಯವರಿಗೆ ಫೋನ್ ಮಾಡಿದ್ದೀನಿ. ಎರಡು ಗಂಟೇಲಿ ಬರ್ತಾರಂತೆ. ಅಲ್ಲೀವರೆಗೆ ತಂಗೀನ ಸ್ವಲ್ಪ ಕೂರಕ್ಕೆ ಹೇಳು."

"ಎಲ್ಲಿ ಕೂರ್ಲಿ ಅಣ್ಣಾ, ನಿಮ್ಮ ತಲೆ ಮೇಲಾ?" ಎಂದಳು ಒಳಗಿನಿಂದ. ಆಮೇಲೆ ಗಂಡನ ಕಡೆ ತಿರುಗಿ, ದನಿ ತಗ್ಗಿಸಿ, "ಅಮ್ಮ ಬೆಳಿಗ್ಗೆಯಿಂದ ಕಾಯ್ತಿದ್ದಾಳೆ," ಎಂದಳಷ್ಟೇ.

ಅವನಿಗೂ ಬೆಳಗಿನಿಂದ ನಿಂತು ನಿಂತು ಸೊಂಟ ಬಿದ್ದುಹೋಗಿತ್ತು. ಮೊಣಕಾಲಿಗೆ ಕೈಯೂರಿ ಎದ್ದ. ಮೇಲ್ವಿಚಾರಕ "ಏಯ್, ಏಯ್" ಎನ್ನುತ್ತಿರುವಾಗಲೇ ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗೆಳೆದ. ಬಾಗಿಲುಗಳು ಉಸ್ಸೆಂದು ಸಡಿಲವಾದವು.

ಅವಳು ತಲೆಯ ಟೊಪ್ಪಿಯನ್ನೂ ತೆಗೆಯದೆ ಚೀಲ ಎತ್ತಿಕೊಂಡು ಓಡಿದಳು.

"ಮೇಲಿನವರಿಗೆ ಏನಂತ ಹೇಳ್ಲಿ ನಾನು?" ಎಂದ ಮೇಲ್ವಿಚಾರಕ.

"ಬಾಗಿಲು ಕೂರಿಸಿದವನು ತಪ್ಪು ಮಾಡಿದ ಅಂತ ಹೇಳಿ. ಸುಳ್ಳೇನಲ್ವಲ್ಲ."

ಮೇಲ್ವಿಚಾರಕ ಬೈಯುತ್ತಲೇ ಒಳಗೆ ನಡೆದು ಮೊದಲ ತಟ್ಟೆ ಎತ್ತಿದ. ಇಬ್ಬರೂ ಸೇರಿ ತಟ್ಟೆಗಳನ್ನು ಕಸದ ಡಬ್ಬಿಗೆ ಸುರಿಯುತ್ತಿರುವಾಗ ಫೋನ್ ಬಂತು.

"ಒಳಗೆ ಬಿಟ್ರು. ಬಾಗಿಲು ಹಾಕೋದ್ರಲ್ಲಿದ್ರು," ಏದುಸಿರಿನಲ್ಲಿ ಹೆಂಡತಿ ಹೇಳಿದಳು. "ಆದ್ರೆ ಅಮ್ಮ ನಿದ್ದೆ ಹೋಗಿದ್ದಾಳೆ. ಎಬ್ಬಿಸ್ಲಾ?"

ಅವನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ.

"ಬೇಡ. ಕೈ ಹಿಡ್ಕೊಂಡು ಕೂತ್ಕೋ."