ಅಂಚಿನ ಎಳೆ

ಆ ಬೆಳಗಿನ ಮೂರನೆಯ ಫೋನು ಮೈಸೂರಿನ ಗಿರಾಕಿಯೊಬ್ಬರದು. “ಪಾಪ, ಚೆನ್ನಯ್ಯನವರ ಕಣ್ಣಿಗೆ ಏನಾಯ್ತಮ್ಮ?” ಎಂದು ಅವರು ಕೇಳಿದಾಗ ಭವ್ಯ ಏನೋ ಗೊಣಗಿ ಫೋನು ಕೆಳಗಿಟ್ಟಳು.

ಕೊಳ್ಳೇಗಾಲದ ಆ ರೇಷ್ಮೆ ನೇಕಾರರ ಸಂಘದಲ್ಲಿ ನೇಕಾರರು ತಂದ ಸೀರೆ ನೋಡಿ ಇಟ್ಟುಕೊಳ್ಳುವ ಕೆಲಸವೂ ಕಂಪ್ಯೂಟರ್ ಕೆಲಸವೂ ಅವಳದೇ. ಎದುರಿನ ಮೇಜಿನಿಂದ ಕಾರ್ಯದರ್ಶಿ ಯಶೋದ ತಲೆಯೆತ್ತಿದರು.

“ಏನು ಕಳ್ಸಿದ್ದೀಯವ್ವ? ಓದು.”

ಭವ್ಯ ಓದಿದಳು. “ಚೆನ್ನಯ್ಯನ ಕಣ್ಣು ಮಂದ. ಅಂಚಿನಲ್ಲಿ ಎಳೆ ತಪ್ಪುತ್ತಿದೆ. ಪಟ್ಟಿಯಿಂದ ಅವರ ಸೀರೆ ತೆಗೆದಿದ್ದೇನೆ. ಅವರಿಗೆ ಹೇಳಬೇಡಿ.”

ಚೆನ್ನಯ್ಯ ಸಂಘದ ಹಳೆಯ ನೇಕಾರ; ಅದು ಯಶೋದಮ್ಮನೊಬ್ಬರಿಗಾಗಿ ಬರೆದಿದ್ದ ಟಿಪ್ಪಣಿ. ಸಂಘದ ಜಾಲತಾಣದ ಕೋಡ್‌ನಲ್ಲಿ ಮಾರಾಟದ ಸೀರೆಗಳ ಪಟ್ಟಿ ಬದಲಾಯಿಸಿದಾಗಲೆಲ್ಲ, ಏನು ಬದಲಾಯಿತೆಂದು ಹೀಗೊಂದು ಸಾಲು ಬರೆಯುವುದು ರೂಢಿ. ಹೊಸ ಸೀರೆ ಬಂದರೆ ಆ ಸಾಲನ್ನೇ ಯಶೋದಮ್ಮ ಒಮ್ಮೆ ಓದಿ, “ಹೂಂ, ಕಳ್ಸು” ಎಂದ ಮೇಲೆ ಭವ್ಯ ಗಿರಾಕಿಗಳಿಗೆ ಇ-ಮೇಲ್ ಮಾಡುತ್ತಿದ್ದಳು. ಆ ‘ಹೂಂ’ಗಾಗಿ ಕಾಯುವುದು ಅವಳಿಗೆ ಬೇಸರವಾಗಿತ್ತು. ಹೋದ ವಾರ ಪಟ್ಟಿಯನ್ನೂ ಮೇಲನ್ನೂ ತಾನೇ ಜೋಡಿಸಿದ್ದಳು: ಪಟ್ಟಿ ಬದಲಾದರೆ ಸಾಕು, ಟಿಪ್ಪಣಿಯೇ ತಲೆಬರಹವಾಗಿ ಎರಡು ಸಾವಿರ ಗಿರಾಕಿಗಳಿಗೆ ಮೇಲ್ ತಾನಾಗಿ ಹೋಗುತ್ತದೆ. ಯಾರೂ ಮುಟ್ಟಬೇಕಿಲ್ಲ ಎಂದು ಎಲ್ಲರೆದುರು ಹೆಮ್ಮೆಯಿಂದ ಹೇಳಿಕೊಂಡಿದ್ದಳು.

“ವಾಪಸ್ ತಕ್ಕೊಳ್ಳೋಕೆ ಆಗಲ್ವಾ?”

“ಆಗಲ್ಲ ಮೇಡಂ. ಈಗ ಜೋಡಣೆ ಬಿಚ್ಚಿದ್ದೀನಿ. ಹೋದದ್ದು ಹೋಯ್ತು.”

ಯಶೋದ ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. “ಬೇರೆ ಯಾರೋ ಹೇಳೋಕೆ ಮುಂಚೆ ನೀನೇ ಹೋಗಿ ಹೇಳು. ನಾನು ಜೊತೆಗೆ ಬರಲ್ಲ.”

ಚೆನ್ನಯ್ಯನ ಮನೆ ಎರಡು ಬೀದಿ ಆಚೆ. ದಾರಿಯುದ್ದಕ್ಕೂ ಭವ್ಯ ಮಾತು ಜೋಡಿಸಿದಳು, ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿ ನೋಡಿದಳು, ನಾಚಿ ಅದನ್ನು ಕೈಬಿಟ್ಟಳು. ಬಾಗಿಲಲ್ಲಿ ನಿಂತಾಗ ಮಗ್ಗದ ಸದ್ದಿರಲಿಲ್ಲ. ಮುದುಕ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕುಳಿತಿದ್ದ. ಗೋಡೆಯ ಮೇಲೆ ಮಾದಪ್ಪನ ಪಟ, ಅದರ ಪಕ್ಕದಲ್ಲಿ ಹೆಂಡತಿ ರಂಗಮ್ಮನ ಪಟ. ಎರಡಕ್ಕೂ ಒಂದೇ ಬಗೆಯ ಕಣಗಿಲೆ ಹೂವು.

“ಯಾರವ್ವ? ಸಂಘದ ಮಗಳಾ? ಬಾ, ಕುಂತ್ಕ.”

“ತಾತ, ನನ್ನಿಂದ ಒಂದು ತಪ್ಪಾಗಿದೆ...”

“ಗೊತ್ತು ಬುಡು. ಹನೂರಿಂದ ಮಗಳು ದೀಪ ಫೋನ್ ಮಾಡಿದ್ಲು. ಅವಳ್ಗೂ ಬತ್ತದಲ್ಲ ನಿಮ್ ಕಾಗ್ದ. ಅಳ್ತಾ ಓದುದ್ಲು.” ಅವನು ನಕ್ಕಂತೆ ಮಾಡಿದ. “ಅರವತ್ತು ವರ್ಸ ನೇಯ್ದೆ ಕಣವ್ವ, ಯಾರ್ಗೂ ನನ್ ಹೆಸ್ರು ಗೊತ್ತಿರ್ನಿಲ್ಲ. ಈಗ ಒಂದೇ ದಿನ್ಕ ಊರೂರ್ಗೂ ಗೊತ್ತಾಯ್ತು!”

ಭವ್ಯ ಗೋಡೆಯ ಬದಿಗೆ ಕುಳಿತಳು.

“ಕಣ್ಣು ಮಂದ ಅಂದದ್ದು ನಿಜ. ನಂಗ ಅದ್ರಲ್ಲಿ ಸಿಟ್ಟಿಲ್ಲ,” ಎಂದ ಚೆನ್ನಯ್ಯ. ದನಿ ಇಳಿಯಿತು. “ಅವ್ರಿಗ ಹೇಳ್ಬೇಡಿ ಅಂತ ಬರ್ದಿದ್ಯಲ್ಲ, ಅದ್ಯಾಕವ್ವ? ನಾಕು ತಿಂಗ್ಳಿಂದ ಸೀರ ತಂದುಕೊಟ್ರ ನೀನು ‘ಚೆನ್ನಾಗದ ತಾತ’ ಅಂತ ಮಡಿಸಿ ಇಟ್ಕಂತಿದ್ದೆ. ನಾನೂ ಚೆನ್ನಾಗದ ಅನ್ಕಂಡು ಮನ್ಗ ಬತ್ತಿದ್ದೆ.”

ದಯೆ ಎಂದು ತಾನು ತಿಳಿದಿದ್ದುದು, ಆ ಮುದುಕನ ಕಣ್ಣೆದುರು ನಿಂತು ಒಂದು ಮಾತು ಹೇಳಲಾರದ ಹೇಡಿತನವೆಂದು ಅವಳಿಗೆ ಆಗ ಹೊಳೆಯಿತು. “ತಪ್ಪಾಯ್ತು ತಾತ” ಎಂದಳು.

“ಅವ್ಳಿದ್ದಾಗ ಒಂದೊಂದು ಸೀರನೂ ಬಾಗ್ಲ ಬೆಳ್ಕಲಿ ಹಿಡ್ದು ನೋಡವ್ಳು,” ಎಂದ ಅವನು, ರಂಗಮ್ಮನ ಪಟದ ಕಡೆ ತಿರುಗದೆ. “ತಪ್ಪಿದ್ರ ಬಯ್ಯವ್ಳು. ಅವ್ಳ್ ಹೋದ್ಮೇಲ ಬಯ್ಯವ್ರೇ ಇಲ್ಲ.”

ಚೆನ್ನಯ್ಯ ಕೈಯೂರಿ ಮೇಲೆದ್ದ. ನಿನ್ನೆ ಮಗ್ಗದಿಂದ ಇಳಿಸಿದ್ದ ಸೀರೆಯನ್ನು ಪೆಟ್ಟಿಗೆಯಿಂದ ತಂದು ಹೊಸಿಲ ಹತ್ತಿರ ಹರಡಿದ. ಮಾವಿನ ಚಿಗುರಿನ ಬಣ್ಣ, ಕುಂಕುಮದ ಅಂಚು.

“ತೋರ್ಸು. ಎಲ್ಲೆಲ್ಲಿ ತಪ್ಪಾಗದ?”

ಭವ್ಯ ಮಂಡಿಯೂರಿದಳು. ಅಂಚಿನುದ್ದಕ್ಕೂ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತಳು. “ಇಲ್ಲಿ, ತಾತ.”

ಮುದುಕ ಬಗ್ಗಿ, ಅವಳು ತೋರಿದ ಜಾಗದ ಮೇಲೆ ತನ್ನ ಹೆಬ್ಬೆರಳನ್ನು ಒತ್ತಿ ಹಿಡಿದ. ಅವಳು ಮುಂದಿನ ತಪ್ಪನ್ನು ಹುಡುಕಿ ಹೇಳುವವರೆಗೂ ಎತ್ತಲಿಲ್ಲ.