ಮ್ಯಾಂಚೆಸ್ಟರ್ ಕಡೆ ಹೋಗೋರು

ಮುಂದೆ ನಿಂತಿದ್ದ ಲಾರಿಯ ಬ್ರೇಕ್ ದೀಪ ಆರಿದಾಗ, ಗುಡ್ಡದ ಹೆದ್ದಾರಿಯಲ್ಲಿ ನಿಂತ ಈ ವಾಹನಗಳ ಸಾಲು ಇನ್ನು ಅಲ್ಲಾಡುವುದಿಲ್ಲವೆಂದು ನಿಹಾರಿಕಾಗೆ ಖಾತ್ರಿಯಾಯಿತು. ಅಷ್ಟು ಹೊತ್ತೂ ಆ ಕೆಂಪು ದೀಪ ಉರಿಯುತ್ತಿದ್ದುದರಿಂದ ಡ್ರೈವರ್ ಕಾಲು ಬ್ರೇಕಿನ ಮೇಲೇ ಇದೆ, ಈಗಲೋ ಆಗಲೋ ಹೊರಡುತ್ತಾನೆ ಎಂದುಕೊಂಡಿದ್ದಳು. ಈಗ ಅವನೂ ಆಸೆ ಬಿಟ್ಟಿದ್ದ. ವೈಪರ್ ಹಿಮವನ್ನು ಬದಿಗೆ ತಳ್ಳಿತು. ನೋಡುತ್ತಿದ್ದಂತೆ ಗಾಜು ಮತ್ತೆ ಬೆಳ್ಳಗಾಯಿತು.

ಪಕ್ಕದ ಸೀಟಿನಲ್ಲಿ ಬಾಲಕೃಷ್ಣ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕಾಯುವವರ ಹಾಗೆ ಕೂತಿದ್ದರು.

"ಮುಂದೆ ಏನಾದ್ರೂ ಆಗಿದೆಯಾ?"

"ಲಾರಿ ಜಾರಿ ರಸ್ತೆಗೆ ಅಡ್ಡ ನಿಂತಿದೆಯಂತೆ. ರೇಡಿಯೋದಲ್ಲಿ ಹೇಳಿದ್ರು."

"ನನ್ನಿಂದ ನಿಮಗೆ ತೊಂದರೆ ಆಯ್ತು."

"ಹಾಗೇನಿಲ್ಲ. ನಾನು ಹೇಗಿದ್ರೂ ಇದೇ ದಾರೀಲಿ ಬರಬೇಕಿತ್ತಲ್ಲ."

ಲೀಡ್ಸ್ ಬಿಟ್ಟಾಗಿನಿಂದ ಅವರು ಅವಳಿಗೆ 'ನೀವು' ಎನ್ನುತ್ತಿದ್ದರು. ಸೊಸೆಯಾಗಿ ಮೈಸೂರಿನ ಅವರ ಮನೆಗೆ ಕಾಲಿಟ್ಟ ದಿನವೇ 'ನೀನು ಕಾಫಿ ಕುಡೀತೀಯೋ ಟೀನೋ' ಎಂದು ಕೇಳಿದ್ದ ಮನುಷ್ಯ. ಅವಳೂ ಅವರನ್ನು ಏನೆಂದೂ ಕರೆಯದೆ ಮಾತನ್ನು ಜೋಡಿಸುತ್ತಿದ್ದಳು. ಮಾವ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ, ಅಂಕಲ್ ಎನ್ನುವುದಕ್ಕೆ ನಾಚಿಕೆ.

ಅವಳಿಗೂ ಅವರ ಮಗ ಶಮಂತ್‌ಗೂ ವಿಚ್ಛೇದನವಾಗಿ ಎರಡು ವರ್ಷದ ಮೇಲಾಗಿತ್ತು. ದೊಡ್ಡ ಜಗಳವೇನೂ ನಡೆದಿರಲಿಲ್ಲ. ಒಂದೇ ಮನೆಯಲ್ಲಿ ಬೇರೆಬೇರೆ ಬಾಡಿಗೆದಾರರ ಹಾಗೆ ಬಾಳುತ್ತ ಬಾಳುತ್ತ, ಒಂದು ದಿನ ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಕೊಂಡಿದ್ದರು. ಅವನು ಮ್ಯಾಂಚೆಸ್ಟರ್ ಪಕ್ಕದ ಚೀಡಲ್‌ನಲ್ಲೇ ಉಳಿದ; ಅವಳು ಹತ್ತಿರದ ಸ್ಟಾಕ್‌ಪೋರ್ಟ್‌ನಲ್ಲಿ ಫ್ಲ್ಯಾಟ್ ಹಿಡಿದಳು. ಆಮೇಲೆ ಶಮಂತ್‌ನ ತಾಯಿ ರತ್ನಮ್ಮ ತೀರಿಕೊಂಡರು. ಚಳಿಗಾಲ ಮಗನ ಜೊತೆ ಇರಲೆಂದು ಬಾಲಕೃಷ್ಣ ಇಲ್ಲಿಗೆ ಬಂದಿದ್ದರು.

ಇವತ್ತು ಲೀಡ್ಸ್‌ನಲ್ಲಿ ಮಧುರಾಳ ಮಗುವಿನ ನಾಮಕರಣ. ಮಧುರಾ ನಿಹಾರಿಕಾಳ ಗೆಳತಿ. ಮಧುರಾಳ ಅಪ್ಪ ಈಶ್ವರಪ್ಪನೂ ಬಾಲಕೃಷ್ಣರೂ ವಿದ್ಯುತ್ ಮಂಡಳಿಯಲ್ಲಿ ಜೊತೆಗಿದ್ದವರು. ಹೀಗಾಗಿ ನಿಹಾರಿಕಾಗೂ ಬಾಲಕೃಷ್ಣರಿಗೂ ಕರೆಯೋಲೆ. ಬೆಳಿಗ್ಗೆ ರೈಲಿನಲ್ಲಿ ಒಬ್ಬರೇ ಬಂದಿದ್ದ ಬಾಲಕೃಷ್ಣ ಊಟ ಮುಗಿಸಿ ಹೊರಡುವ ಹೊತ್ತಿಗೆ ಹಿಮ ಬೀಳಲು ಶುರುವಾಗಿ ರೈಲುಗಳೆಲ್ಲ ರದ್ದಾದವು. "ಮ್ಯಾಂಚೆಸ್ಟರ್ ಕಡೆ ಹೋಗೋರು ಯಾರಿದೀರಾ?" ಎಂದು ಹಾಲ್‌ನ ನಡುವೆ ನಿಂತು ಕೂಗಿದ ಮೇಲೆ ಮಧುರಾ, ಆ ಕಡೆಯವಳು ನಿಹಾರಿಕಾ ಒಬ್ಬಳೇ ಎಂದು ನೆನಪಾಗಿ, ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ತಟ್ಟೆಯಲ್ಲಿದ್ದ ಎಲೆ ಅಡಿಕೆಯನ್ನೇ ನೋಡತೊಡಗಿದರು. ನಿಹಾರಿಕಾ ಕಾರಿನ ಕೀ ತೆಗೆದುಕೊಂಡು, "ನಾನು ಹೋಗ್ತಿದೀನಲ್ಲ," ಎಂದಿದ್ದಳು.

ಹಳದಿ ಜಾಕೆಟಿನ ಹೆಂಗಸೊಬ್ಬಳು ಟಾರ್ಚ್ ಹಿಡಿದು ಕಾರಿಂದ ಕಾರಿಗೆ ಬರುತ್ತಿದ್ದಳು. ಗಾಜು ಇಳಿಸಿದಾಗ ಗಾಳಿ ಒಳಕ್ಕೇ ನುಗ್ಗಿತು. ಬೆಳಗಾಗುವವರೆಗೂ ಏನೂ ಆಗುವುದಿಲ್ಲ, ಕಾರು ಬಿಟ್ಟು ಹೋಗಬೇಡಿ, ಎಂಜಿನ್ ಹಾಕುವ ಮುಂಚೆ ಹಿಂದಿನ ಸೈಲೆನ್ಸರಿನ ಬಾಯಿಗೆ ಹಿಮ ಮೆತ್ತಿದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಹೊಗೆ ಒಳಗೆ ತುಂಬುತ್ತದೆ, ಎಂದಳು. ಹೋಗುವಾಗ ಬಾಲಕೃಷ್ಣರ ಕಡೆ ಬಗ್ಗಿ, "ಆಲ್ ರೈಟ್, ಲವ್?" ಎಂದು ಕೇಳಿ ಮುಂದಿನ ಕಾರಿಗೆ ನಡೆದಳು.

"ಏನಂದ್ಲು ನನಗೆ?"

"ಇಲ್ಲಿ ಎಲ್ಲರಿಗೂ ಹಾಗೇ ಅಂತಾರೆ."

"ಎಲ್ಲರಿಗೂನಾ?" ಎಂದು ಅವರು ಕತ್ತು ತಿರುಗಿಸಿ ಆ ಟಾರ್ಚು ಹೋದ ಕಡೆ ನೋಡಿದರು.

ಶಮಂತ್ ಫೋನ್ ಮಾಡಿದ. ಅವನ ದನಿ ಕೇಳಿ ಎಷ್ಟು ಕಾಲವಾಗಿತ್ತು. "ಅಪ್ಪನ ಹತ್ರ ಸ್ವೆಟರ್ ಇದೆಯಾ? ನಾನೇ ಬರ್ತಿದ್ದೆ, ಈ ಕಡೆಯಿಂದಲೂ ರಸ್ತೆ ಮುಚ್ಚಿದಾರೆ," ಎಂದ. ಸ್ವಲ್ಪ ತಡೆದು, "ನೀನು ಹುಷಾರು," ಎಂದ. ಬ್ಯಾಟರಿ ಉಳಿಸಬೇಕು ಎಂದು ಹೇಳಿ ಅವಳು ಫೋನ್ ಇಟ್ಟಳು.

ಇದ್ದುದನ್ನೆಲ್ಲ ಹೊರತೆಗೆದರು. ಹಿಂದಿನ ಸೀಟಿನಲ್ಲಿ ಪಿಕ್ನಿಕ್ ಕಂಬಳಿ, ಜಿಮ್ ಚೀಲದಲ್ಲಿ ಟವೆಲ್ಲು, ದಪ್ಪ ಕಾಲುಚೀಲ. ಹಿರಿಯರೆಂದು ಈಶ್ವರಪ್ಪ ಹೊದಿಸಿದ್ದ ಜರಿಯಂಚಿನ ಶಾಲು. ನಿಹಾರಿಕಾ ರೇಷ್ಮೆ ಸೀರೆಯಲ್ಲಿದ್ದಳು; ಅದರೊಳಗೇ ಹೇಗೋ ಜಿಮ್ಮಿನ ಪ್ಯಾಂಟು ಏರಿಸಿಕೊಂಡಳು. ಬಾಲಕೃಷ್ಣ ಅಷ್ಟು ಹೊತ್ತೂ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಕಂಬಳಿ ನೀವು ಹೊದ್ದುಕೊಳ್ಳಿ ಎಂದು ಇವರು, ಬೇಡ ನೀವೇ ಎಂದು ಅವಳು. ಕಡೆಗೆ ಅದನ್ನು ಇಬ್ಬರ ಕಾಲಿಗೂ ಅಡ್ಡಲಾಗಿ, ಗೇರ್ ಹಿಡಿಯ ಮೇಲೆ ಹಾಯಿಸಿ ಹೊದ್ದುಕೊಂಡರು.

ಸ್ವಲ್ಪ ಹೊತ್ತಿನಿಂದ ಅವರು ಕೂತಲ್ಲೇ ಮಿಸುಕಾಡುತ್ತಿದ್ದರು. ಆಮೇಲೆ ತಡೆಯಲಾರದೆ, "ನಾನು ಒಂದು ನಿಮಿಷ ಇಳಿದು ಬರ್ತೀನಿ," ಎಂದರು.

"ತಾಳಿ, ನಾನೂ ಬರ್ತೀನಿ. ನೆಲ ಜಾರುತ್ತೆ."

"ಛೆ ಛೆ, ನೀವು ಯಾಕೆ..."

"ಬಿದ್ರೆ ಇಲ್ಲಿ ಎತ್ತೋರು ಯಾರು?"

ಹೊರಗೆ ಕೊರೆಯುವ ಗಾಳಿ. ರಸ್ತೆಯಂಚಿನ ಕಬ್ಬಿಣದ ತಡೆಯವರೆಗೆ ಅವರ ರಟ್ಟೆ ಹಿಡಿದು ಕರೆದೊಯ್ದಳು. ಅವರು ಆಚೆಗೆ ತಿರುಗಿ ನಿಂತರು. ಅವಳು ಈಚೆಗೆ ಮುಖ ಮಾಡಿ, ಅವರು ಜಾರದಂತೆ ಕೋಟಿನ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ವಯಸ್ಸಾದ ದೇಹ, ಬೇಗ ಆಗುವ ಕೆಲಸವಲ್ಲ. ಕೆಳಗೆ, ಹೋಗುವ ಮತ್ತು ಬರುವ ರಸ್ತೆಗಳು ಕವಲೊಡೆದ ನಡುವೆ ರೈತನ ಮನೆಯೊಂದಿತ್ತು. ಅದರ ಒಂದೇ ಕಿಟಕಿಯಲ್ಲಿ ಬೆಳಕಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. "ಆಯ್ತು," ಎಂದು ಬೆನ್ನ ಹಿಂದಿನಿಂದ ದನಿ ಬಂತು. ಅವರು ತಡೆಯ ಮೇಲಿನ ಹಿಮವನ್ನು ಬಾಚಿ ಕೈ ತೊಳೆದುಕೊಂಡರು.

ಕಾರಿಗೆ ಮರಳಿ ಬಾಗಿಲು ಹಾಕಿಕೊಂಡ ಮೇಲೆ ಇಬ್ಬರಿಗೂ ಒಟ್ಟಿಗೇ ನಗು ಬಂತು. ಯಾಕೆಂದು ಯಾರೂ ಹೇಳಲಿಲ್ಲ.

ಮಧುರಾ ಐಸ್‌ಕ್ರೀಮ್ ಡಬ್ಬಿಯಲ್ಲಿ ಪುಳಿಯೋಗರೆ ತುಂಬಿ ಕೊಟ್ಟಿದ್ದಳು. ಚಮಚವಿರಲಿಲ್ಲ. ಡಬ್ಬಿಯನ್ನು ನಡುವೆ ಇಟ್ಟುಕೊಂಡು, ಮರಗಟ್ಟಿದ ಬೆರಳಲ್ಲೇ ಎತ್ತಿಕೊಂಡು ತಿಂದರು.

"ಬೆಲ್ಲ ಒಂಚೂರು ಮುಂದಾಯ್ತು," ಎಂದರು ಬಾಲಕೃಷ್ಣ.

ನಿಹಾರಿಕಾಗೆ ಬಾಯಿ ತುಂಬ ಅನ್ನ. ಯೋಚಿಸದೆಯೇ ಅಂದುಬಿಟ್ಟಳು: "ಅತ್ತೆ ಕೇಳಿದ್ರೆ ಜಗಳಕ್ಕೆ ಬರೋರು. ಹೋದ ಯುಗಾದಿಗೆ ನಾನು ಬೆಲ್ಲ ಕಮ್ಮಿ ಹಾಕ್ದೆ ಅಂದಿದ್ದಕ್ಕೆ ಎಷ್ಟು ಬೈದ್ರು."

ಬಾಲಕೃಷ್ಣರ ಕೈ ಡಬ್ಬಿಯಲ್ಲೇ ನಿಂತಿತು.

"ಹೋದ ಯುಗಾದಿಗೆ?"

ಅವಳು ನುಂಗಿಕೊಂಡಳು. ಅದು ವಿಚ್ಛೇದನವೆಲ್ಲ ಮುಗಿದ ಮೇಲಿನ ಯುಗಾದಿ. ಏನೋ ತಪ್ಪು ಹೇಳಿದೆ, ಅದು ಎಷ್ಟೋ ಹಿಂದಿನದು, ಎನ್ನಬಹುದಿತ್ತು. ಕತ್ತಲಲ್ಲಿ ಅವರು ತನ್ನನ್ನೇ ನೋಡುತ್ತಿರುವುದು ಗೊತ್ತಾಗುತ್ತಿತ್ತು.

"ಫೋನ್ ಮಾಡ್ತಿದ್ದೆ. ಪ್ರತಿ ಭಾನುವಾರ. ಮನೇಲಿ ಯಾರಿಗೂ ಹೇಳೋದು ಬೇಡ ಅಂದಿದ್ರು."

ಅವರು ಬೆರಳಿಗೆ ಅಂಟಿದ ಅನ್ನವನ್ನು ಒಂದೊಂದೇ ಅಗುಳಾಗಿ ಡಬ್ಬಿಯ ಅಂಚಿಗೆ ಒರೆಸಿದರು.

"ಸಾಯಂಕಾಲ. ಅಲ್ವಾ?"

"ಹೂಂ. ಅಲ್ಲಿ ಸಾಯಂಕಾಲ."

"ಬಟ್ಟೆ ತರ್ತೀನಿ ಅಂತ ತಾರಸಿಗೆ ಹೋಗೋಳು. ಎರಡು ಟವೆಲ್ ಮಡಚ್ಕೊಂಡು ಬರೋಕೆ ಮುಕ್ಕಾಲು ಗಂಟೆ." ಅವರ ದನಿ ಬದಲಾಯಿತು. "ಅಳೋಕೆ ಹೋಗ್ತಾಳೆ ಅಂದ್ಕೊಂಡಿದ್ದೆ. ಮಗನ ಸಂಸಾರ ಹೀಗಾಯ್ತಲ್ಲ ಅಂತ. ನನ್ನ ಮುಂದೆ ಅಳೋಳಲ್ಲ ಅವಳು. ಒಬ್ಬಳೇ ಅತ್ತು ಹಗುರ ಮಾಡ್ಕೊಳ್ಳಲಿ ಅಂತ ನಾನು ಒಂದು ದಿನಾನೂ ಮೆಟ್ಟಿಲು ಹತ್ತಲಿಲ್ಲ."

"ಇಲ್ಲ. ನಗ್ತಿದ್ರು," ಎಂದಳು ನಿಹಾರಿಕಾ.

"ನಗ್ತಿದ್ಲಾ?"

"ತುಂಬ. ನನ್ನ ಅಡುಗೆ ಕೇಳ್ಕೊಂಡು ನಗೋರು. ಪಕ್ಕದ ಮನೆಯವರ ನಾಯೀದು ಒಂದು ಕತೆ ಹೇಳೋರು. ನಿಮ್ಮದೂ ಹೇಳೋರು."

"ನನ್ನದು ಏನು?"

ಅವಳು ಹಿಂಜರಿದಳು. ಆಮೇಲೆ ರತ್ನಮ್ಮನ ಮಾತನ್ನು ಅವರು ಹೇಳುತ್ತಿದ್ದ ಹಾಗೇ ಹೇಳಿದಳು. ಆ ಎಳೆತ, ಕೊನೆಗೆ ದನಿ ತಗ್ಗಿಸಿ ಗುಟ್ಟು ಮಾಡುವ ರೀತಿ, ಎಲ್ಲ ತಾನಾಗಿಯೇ ಬಂತು. "ಅಯ್ಯೋ ಕೇಳೇ ಪುಟ್ಟಿ, ನಿಮ್ಮ ಮಾವ ರಾತ್ರಿ ಎದ್ದು ಎಲ್ಲಾ ರೂಮಲ್ಲೂ ಲೈಟ್ ಹಾಕ್ತಾರೆ ಕಣೇ. ಯಾಕೆ ಅಂದ್ರೆ, ಲೈಟ್ ಆರಿಸಿದೀವಾ ಇಲ್ವಾ ನೋಡೋಕಂತೆ!"

ಹೇಳಿ ಮುಗಿಸಿದ ಮೇಲೆ, ತಾನು ಮಾಡಬಾರದ್ದನ್ನು ಮಾಡಿದೆನೇನೋ ಎಂದು ಅವಳಿಗೆ ಅನಿಸಿತು.

"ಇನ್ನೊಂದ್ಸಲ ಹೇಳು," ಎಂದರು ಬಾಲಕೃಷ್ಣ.

ಅವಳು ಇನ್ನೊಂದು ಸಲ ಹೇಳಿದಳು. ಆಮೇಲೆ ನಾಯಿಯ ಕತೆ. ಆಮೇಲೆ ಹೊಸ ಮಿಕ್ಸಿಯ ಮುಚ್ಚಳ ಹಾರಿ ಚಟ್ನಿಯೆಲ್ಲ ಕ್ಯಾಲೆಂಡರಿನ ದೇವರ ಮುಖಕ್ಕೆ ಸಿಡಿದದ್ದು. ಕೆಲವನ್ನು ಅವರು ಕಣ್ಣಾರೆ ಕಂಡಿದ್ದರು, ಆದರೆ ಹೆಂಡತಿಯ ಬಾಯಲ್ಲಿ ಕೇಳಿರಲಿಲ್ಲ. ನಡುನಡುವೆ, "ಹಾಗಂದ್ಲಾ? ಸುಳ್ಳು, ಮುಚ್ಚಳ ಹಾಕಿರಲೇ ಇಲ್ಲ ಅವಳು," ಎಂದು ತಿದ್ದುತ್ತಿದ್ದರು. ನಗುತ್ತಿದ್ದರೋ ಏನೋ, ಉಸಿರು ಮಾತ್ರ ಹೊಗೆಯಂತೆ ಬಿಟ್ಟುಬಿಟ್ಟು ಬರುತ್ತಿತ್ತು.

ಬಹಳ ಹೊತ್ತಿನ ಮೇಲೆ ಕೇಳಿದರು. "ಅವಳು ಹೋಗಿದ್ದು ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಆ ಭಾನುವಾರ ಫೋನ್ ಎತ್ತಲಿಲ್ಲ. ಮುಂದಿನ ಭಾನುವಾರ ನೀವು ಎತ್ತಿದ್ರಿ. ಹಿಂದೆ ಯಾರೋ ಮಂತ್ರ ಹೇಳ್ತಿದ್ದದ್ದು ಕೇಳಿಸ್ತು. ನಾನು ಇಟ್ಟುಬಿಟ್ಟೆ."

ಬಾಲಕೃಷ್ಣ ಸೀಟಿನಿಂದ ಮುಂದಕ್ಕೆ ಬಂದರು. "ಅದು ನೀನಾ? ಅವಳ ಫೋನಲ್ಲಿ 'ಟೈಲರ್ ಶಾಂತ' ಅಂತ ಹೆಸರು ಬಂತಲ್ಲ! ಬ್ಲೌಸ್ ಹೊಲಿಯೋಕೆ ಕೊಟ್ಟಿದ್ಲೇನೋ, ಪಾಪ ಕಾಯ್ತಿದಾಳೇನೋ ಅಂತ ವೈಕುಂಠ ಕಳೆದ ಮೇಲೆ ನಾನೇ ಟೈಲರ್ ಅಂಗಡಿ ಹುಡುಕ್ಕೊಂಡು ಹೋದೆ. ನಮ್ಮ ಬೀದೀಲಿ, ಆಚೆ ಬೀದೀಲಿ, ಶಾಂತ ಅನ್ನೋ ಟೈಲರೇ ಇಲ್ಲ."

ನಿಹಾರಿಕಾ ನಗಲು ಹೋದಳು. ಅದು ನಗುವಾಗಿ ಹೊರಗೆ ಬರಲಿಲ್ಲ. ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಸ್ಟಿಯರಿಂಗಿಗೆ ಹಣೆ ಹಚ್ಚಿದಳು. ಅತ್ತೆ ಸತ್ತಾಗ ಅಳಲು ಅವಳಿಗೆ ಯಾವ ಮನೆಯೂ ಇರಲಿಲ್ಲ. ಆಫೀಸಿಗೆ ರಜೆ ಕೇಳಿದ್ದರೆ ಏನು ನೆಂಟಸ್ತಿಕೆ ಎಂದು ಬರೆಯಬೇಕಿತ್ತೋ. ಈಗ ಅತ್ತಳು. ಬಾಲಕೃಷ್ಣ ತಡೆಯಲಿಲ್ಲ, ಬೆನ್ನು ಸವರಲೂ ಇಲ್ಲ. ತಮ್ಮ ಪಾಲಿನ ಕಂಬಳಿಯನ್ನು ನಿಧಾನವಾಗಿ ಅವಳ ಮಂಡಿಯ ಮೇಲಕ್ಕೆ ಎಳೆದು, ಅಂಚನ್ನು ಸೀಟಿನ ಸಂದಿಗೆ ಸಿಕ್ಕಿಸಿದರು.

"ಮಲಕ್ಕೋ ಸ್ವಲ್ಪ," ಎಂದರು. "ಎಂಜಿನ್ ಯಾವಾಗ ಹಾಕ್ಬೇಕು ಹೇಳು, ನಾನು ಎಬ್ಬಿಸ್ತೀನಿ."

ಆದರೆ ಮೊದಲು ನಿದ್ದೆ ಹೋದವರು ಅವರೇ. ನಿಹಾರಿಕಾ ತೂಕಡಿಸುತ್ತ, ಎಚ್ಚರವಾದಾಗೆಲ್ಲ ಇಳಿದು ಹೋಗಿ ಸೈಲೆನ್ಸರಿನ ಬಾಯಿಯ ಹಿಮ ಕಾಲಲ್ಲಿ ಕೆದರಿ, ಬಂದು ಸ್ವಲ್ಪ ಹೊತ್ತು ಹೀಟರ್ ಹಾಕುತ್ತಿದ್ದಳು. ಗಾಳಿ ನಿಂತಿತು. ಗುಡ್ಡ ಮೆಲ್ಲಗೆ ಬೂದಿಬಣ್ಣಕ್ಕೆ ತಿರುಗಿತು. ಹಿಮ ಬಾಚುವ ದೊಡ್ಡ ಗಾಡಿ ಕೆಳಗಿನಿಂದ ಹಳದಿ ದೀಪ ತಿರುಗಿಸುತ್ತ ಬಂತು. ಮುಂದಿನ ಲಾರಿ ಒಮ್ಮೆ ನಡುಗಿ ಜೀವ ತಳೆಯಿತು.

ಇಳಿಜಾರಿನಲ್ಲಿ ಸಾಲಾಗಿ, ಒಬ್ಬರ ಹಿಂದೆ ಒಬ್ಬರು ಇಳಿದರು. ಚೀಡಲ್ ತಲುಪುವಷ್ಟರಲ್ಲಿ ಬಿಸಿಲು ಬಂದಿತ್ತು. ಶಮಂತ್‌ನ ಮನೆಯ ಮುಂದೆ ಕಾರು ನಿಲ್ಲಿಸಿದಾಗಲೂ ಬಾಲಕೃಷ್ಣರ ಬಾಯಿ ಅರೆ ತೆರೆದಿತ್ತು, ಶಾಲು ಕಿವಿಯವರೆಗೆ ಏರಿತ್ತು. ಅವಳು ಎಂಜಿನ್ ಆರಿಸಲಿಲ್ಲ. ಬಿಸಿಗಾಳಿಯ ಮೂತಿಯನ್ನು ಅವರ ಕಡೆ ತಿರುಗಿಸಿದಳು.

ಬಾಗಿಲು ತೆರೆದು ಶಮಂತ್ ಓಡಿಬಂದ. ಗಾಬರಿಯ ಮುಖ, ನಿದ್ದೆಗೆಟ್ಟ ಕಣ್ಣು, ಮನೆಯೊಳಗಿನ ಚಪ್ಪಲಿ. ಗಾಜಿಗೆ ಮುಖ ತಂದು ಒಳಗೆ ನೋಡಿದ. ನಿಹಾರಿಕಾ ತುಟಿಯ ಮೇಲೆ ಬೆರಳಿಟ್ಟಳು.

ಅವನು ಅಪ್ಪನನ್ನು ನೋಡಿದ, ಅವಳನ್ನು ನೋಡಿದ. ತಲೆಯಾಡಿಸಿ ಒಳಗೆ ಹೋದ. ತಿರುಗಿ ಬಂದಾಗ ಕೈಯಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿಯಿತ್ತು. ಮೆಟ್ಟಿಲ ಮೇಲೆ ಕೂತು, ಸದ್ದಾಗದಂತೆ ಮುಚ್ಚಳ ತೆಗೆದು, ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ಗಟ್ಟಿಯಾದ ಹಿಮ ಕರಗಲೆಂದು ಅದರ ಮೇಲೆ ಹಿಡಿಹಿಡಿಯಾಗಿ ಉಪ್ಪು ಉದುರಿಸತೊಡಗಿದ.